ಹೇಗಿದ್ದರೂ ಬೀಳುವ ಹಾಲುಹಲ್ಲಿಗೆ ರೂಟ್ ಕೆನಾಲ್ ಯಾಕೆ?

ನಿದ್ದೆಗೆಟ್ಟವಳು, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮುಂದಿನ ತಿಂಗಳು ಐದು ತುಂಬುತ್ತದೆ. ಕೆಳದವಡೆಯ ಬಲಗಡೆ, ಕಟ್ಟಕಡೆಯ ಹಲ್ಲಿನಲ್ಲಿ ತೂತು. ಯುಗಾದಿಯ ಹೊತ್ತಿಗೆ ಸಾಸಿವೆ ಕಾಳಿನಷ್ಟಿದ್ದದ್ದು ದೀಪಾವಳಿಗೆ ಒಂದು ಮಂಡಕ್ಕಿ ಹಿಡಿಸುವಷ್ಟಾಗಿದೆ. ಸುಮ್ಮನೆ ಹೇಳುತ್ತಿಲ್ಲ, ನಿಜಕ್ಕೂ ಮಂಡಕ್ಕಿ ಸಿಕ್ಕಿಕೊಂಡಿತ್ತು, ಕಡ್ಡಿಯಿಂದ ತೆಗೆದವಳು ನಾನೇ. ಕಳೆದ ವಾರ ಮೂರು ರಾತ್ರಿ ಮನೆಯಲ್ಲಿ ಯಾರೂ ಮಲಗಿಲ್ಲ. ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಟ್ಟರೆ ಅರ್ಧ ಗಂಟೆ ಸುಮ್ಮನಿರುತ್ತಾಳೆ, ಮತ್ತೆ ಕೆನ್ನೆ ಹಿಡಿದುಕೊಂಡು ಎದ್ದು ಕೂರುತ್ತಾಳೆ.

ಹಲ್ಲಿನ ಡಾಕ್ಟರು ಎಕ್ಸ್-ರೇ ತೆಗೆದರು. ಹುಳುಕು ನರದವರೆಗೆ ಇಳಿದಿದೆ, ರೂಟ್ ಕೆನಾಲ್ ಮಾಡಿ ಮೇಲೆ ಸ್ಟೀಲ್ ಟೋಪಿ ಹಾಕಬೇಕು, ಆರೂವರೆ ಸಾವಿರ ಎಂದರು. ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕುಬಿಟ್ಟರು. “ಬಿದ್ದುಹೋಗುವ ಹಲ್ಲಿಗೆ ಯಾರಾದರೂ ಕಿರೀಟ ತೊಡಿಸುತ್ತಾರೇನೇ? ನನ್ನ ಐದು ಮಕ್ಕಳ ಹಲ್ಲನ್ನೂ ದಾರ ಕಟ್ಟಿ ಕಿತ್ತವಳು ನಾನು.” ಗಂಡನದೂ ಅದೇ ರಾಗ. ಕೀಳಿಸಿದರೆ ಮುನ್ನೂರು ರೂಪಾಯಿಗೆ ಮುಗಿಯುತ್ತದೆ. ನನಗೂ ಒಳಗೊಳಗೆ ಹಾಗೆಯೇ ಅನ್ನಿಸುತ್ತಿದೆ, ಸುಳ್ಳು ಯಾಕೆ ಹೇಳಲಿ. ಯಾರಾದರೂ ಮಕ್ಕಳಿಗೆ ಇದನ್ನು ಮಾಡಿಸಿದ್ದೀರಾ?

ಲೆಕ್ಕದ ಮನುಷ್ಯ, ತುಮಕೂರು:

ಕೀಳಿಸಿಬಿಡಿ. ನನ್ನ ಮಗನದು ಆರನೇ ವಯಸ್ಸಿನಲ್ಲಿ ಎರಡು ಕೀಳಿಸಿದ್ದೆ, ಹೊಸ ಹಲ್ಲು ತಾನಾಗಿಯೇ ಬಂತು. ಈಗ ಎಲ್ಲದಕ್ಕೂ ಟೋಪಿ. ಟೋಪಿ ಹಾಕುವುದು ಹಲ್ಲಿಗೋ ನಮಗೋ ಎಂದು ಒಮ್ಮೆ ಯೋಚಿಸಿ.

ಮಕ್ಕಳ ಹಲ್ಲಿನ ವೈದ್ಯೆ, ಹುಬ್ಬಳ್ಳಿ:

ನಾನು ಮಗುವನ್ನೂ ನೋಡಿಲ್ಲ, ಎಕ್ಸ್-ರೇಯನ್ನೂ ನೋಡಿಲ್ಲ. ಹಾಗಾಗಿ ಮಾಡಿಸಿ ಅಥವಾ ಬಿಡಿ ಎಂದು ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ “ಬೀಳುವ ಹಲ್ಲು” ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳುವವಳು ನಾನು. ಅದಕ್ಕೆ ಉತ್ತರ ಕೊಡದೆ ಇರಲು ಆಗುವುದಿಲ್ಲ.

ಬೀಳುತ್ತದೆ, ಸರಿ. ಯಾವಾಗ? ಹಾಲುಹಲ್ಲು ಒಟ್ಟು 20. ಮುಂದಿನ ಬಾಚಿಹಲ್ಲುಗಳು ಆರು, ಏಳು, ಎಂಟರ ವಯಸ್ಸಿನಲ್ಲಿ ಬೀಳುತ್ತವೆ. ಬೊಚ್ಚುಬಾಯಿಯ ಒಂದನೇ ತರಗತಿಯ ಫೋಟೋ ಎಲ್ಲರ ಮನೆಯಲ್ಲೂ ಇರುವುದರಿಂದ ನಮಗೆ ನೆನಪಿರುವುದು ಅಷ್ಟೇ. ನಿಮ್ಮ ಮಗಳ ತೂತು ಬಿದ್ದ ಹಲ್ಲು ಅದಲ್ಲ. ಐದರ ವಯಸ್ಸಿನಲ್ಲಿ ಕಟ್ಟಕಡೆಗೆ ಇರುವುದು ಎರಡನೇ ಹಾಲು ದವಡೆಹಲ್ಲು. ಅದು ಬೀಳುವುದು ಹತ್ತರಿಂದ ಹನ್ನೆರಡರ ನಡುವೆ. ಅಂದರೆ ಅವಳು ಐದನೇ, ಆರನೇ ತರಗತಿಗೆ ಹೋಗುವವರೆಗೂ ಅದೇ ಹಲ್ಲಿನಲ್ಲಿ ರೊಟ್ಟಿ ಅಗಿಯಬೇಕು. ಆರೇಳು ವರ್ಷ ದುಡಿಯಬೇಕಾದ ಹಲ್ಲನ್ನು ನಾಳೆ ಬೀಳುವ ಹಲ್ಲಿನ ಲೆಕ್ಕಕ್ಕೆ ಸೇರಿಸುತ್ತಿದ್ದೀರಿ.

ಇನ್ನು ಜಾಗದ ವಿಷಯ. ಹಳ್ಳಿಯ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಲು ದವಡೆಹಲ್ಲು ಆ ಟವೆಲ್. ಅದರ ಬೇರುಗಳ ನಡುವೆ, ಮೂಳೆಯೊಳಗೆ, ಮುಂದೆ ಬರಬೇಕಾದ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಸುಮಾರು ಆರನೇ ವಯಸ್ಸಿಗೆ ಅದರ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಮೂಡುವಾಗ ಹಾಲುಹಲ್ಲಿನ ಬೆನ್ನಿಗೆ ಒರಗಿಕೊಂಡೇ ಮೇಲೆ ಬರುತ್ತದೆ. ಬೆನ್ನು ಕೊಡಬೇಕಾದ ಹಲ್ಲೇ ಇಲ್ಲದಿದ್ದರೆ ಮುಂದಕ್ಕೆ ವಾಲಿ ಆ ಸೀಟಿನಲ್ಲಿ ತಾನೇ ಕೂರುತ್ತದೆ. ಹನ್ನೊಂದರ ವಯಸ್ಸಿನಲ್ಲಿ ನಿಜವಾದ ಪ್ರಯಾಣಿಕ ಬಂದಾಗ ಜಾಗವಿಲ್ಲ. ಆಗ ಅದು ಮೂಳೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಒಳಗೋ ಹೊರಗೋ ಸೊಟ್ಟಗೆ ಹುಟ್ಟುತ್ತದೆ.

ಕಿತ್ತರೆ ಜಾಗ ಕಾಯಲು ತಂತಿ ಹಾಕಬಹುದಲ್ಲವೇ ಎಂದು ಕೇಳುತ್ತೀರಿ. ಹಾಕಬಹುದು. ಪಕ್ಕದ ಗಟ್ಟಿ ಹಲ್ಲಿಗೆ ಉಂಗುರ ತೊಡಿಸಿ, ಅದರಿಂದ ಒಂದು ತಂತಿಯ ಕುಣಿಕೆಯನ್ನು ಆಚೆಯ ಹಲ್ಲಿನವರೆಗೆ ಚಾಚುತ್ತೇವೆ. ಆದರೆ ನಿಮ್ಮ ಮಗಳಿಗೆ ಆಚೆಯ ಹಲ್ಲು ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ತಂತಿಯ ತುದಿಯನ್ನು ಒಸಡಿನೊಳಗೆ ಇಳಿಸುವ ಬೇರೆ ಬಗೆಯದು ಬೇಕಾಗುತ್ತದೆ. ಅದು ತ್ರಾಸದ ಕೆಲಸ, ಸೋಂಕಿನ ಭಯವೂ ಇದೆ, ಆರನೇ ವರ್ಷದ ಹಲ್ಲು ಬಂದ ಮೇಲೆ ಬದಲಿಸಲೂ ಬೇಕು. ಮುನ್ನೂರು ರೂಪಾಯಿಯ ಲೆಕ್ಕದಲ್ಲಿ ಇದು ಸೇರಿಲ್ಲ.

ಮಕ್ಕಳ ರೂಟ್ ಕೆನಾಲ್ ದೊಡ್ಡವರದರಂತಲ್ಲ. ಕೆಟ್ಟ ನರ ತೆಗೆದು ನಾಳ ತೊಳೆದು ತುಂಬಿಸುವ ಔಷಧ ಕರಗುವ ಜಾತಿಯದು. ಮುಂದೆ ಶಾಶ್ವತ ಹಲ್ಲು ಮೇಲೇರುವಾಗ ಹಾಲುಹಲ್ಲಿನ ಬೇರು ಕರಗುತ್ತಾ ಹೋಗುತ್ತದೆ, ಅದರ ಜೊತೆಗೆ ಆ ಔಷಧವೂ ಕರಗುತ್ತದೆ. ಬಿದ್ದ ಹಾಲುಹಲ್ಲಿಗೆ ಬೇರು ಇರದಿರುವುದನ್ನು ನೋಡಿದ್ದೀರಲ್ಲ? ಬೇರು ಮುರಿದು ಒಳಗೆ ಉಳಿದಿದೆ ಎಂದು ಗಾಬರಿಯಾಗಿ ಓಡಿ ಬರುವ ತಂದೆತಾಯಿಯರಿದ್ದಾರೆ. ಉಳಿದಿರುವುದಿಲ್ಲ, ಕರಗಿರುತ್ತದೆ. ಸ್ಟೀಲ್ ಟೋಪಿಯೂ ಕೊನೆಗೆ ಹಲ್ಲಿನ ಜೊತೆಗೇ ಉದುರುತ್ತದೆ.

ಕೀಳುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಬೇರು ಆಗಲೇ ಸವೆದಿದ್ದರೆ, ಬೇರಿನ ಕೆಳಗಿನ ಮೂಳೆ ಬಹಳ ಕರಗಿದ್ದರೆ, ಟೋಪಿ ನಿಲ್ಲುವಷ್ಟೂ ಹಲ್ಲು ಉಳಿದಿರದಿದ್ದರೆ ನಾನೂ ಕೀಳುತ್ತೇನೆ. ಎಕ್ಸ್-ರೇ ತೋರಿಸಿ ಎಂದು ಕೇಳಿ. ತೋರಿಸಿ ವಿವರಿಸದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ. ಲವಂಗದ ಎಣ್ಣೆ ನಿಲ್ಲಿಸಿ, ಪುಟ್ಟ ಮಕ್ಕಳ ಒಸಡನ್ನು ಸುಡುತ್ತದೆ. ಕೆನ್ನೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟಪಟ್ಟರೆ ಮಾತ್ರ ಈ ಚರ್ಚೆ ಬಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಲೆಕ್ಕದ ಮನುಷ್ಯ, ತುಮಕೂರು:

ನನ್ನ ಮಗನಿಗೆ ಕೀಳಿಸಿದ್ದು ಮುಂದಿನ ಎರಡು ಹಲ್ಲು. ಅದು ಬೇರೆ ಲೆಕ್ಕ ಎಂದು ಈಗ ಗೊತ್ತಾಯಿತು. ಟವೆಲ್ಲಿನ ಮಾತು ಒಪ್ಪಿದೆ. ಆರೂವರೆ ಸಾವಿರವನ್ನು ಇನ್ನೂ ಒಪ್ಪಿಲ್ಲ.

ತೋಟದಮನೆ ತಾಯಿ, ತೀರ್ಥಹಳ್ಳಿ:

ನಮ್ಮ ಮನೆಯ ಕಥೆ ಹೇಳುತ್ತೇನೆ. ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಮೇಲಿನ ನಾಲ್ಕು ಬಾಚಿಹಲ್ಲು ಕಂದು ಬಣ್ಣಕ್ಕೆ ತಿರುಗಿ, ತುದಿ ಸವೆದು, ನೆನೆದ ಬೆಲ್ಲದ ಚೂರಿನ ಹಾಗೆ ಕಾಣುತ್ತಿದ್ದವು. ವಿಚಿತ್ರವೆಂದರೆ ಕೆಳಗಿನ ಹಲ್ಲುಗಳು ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿದ್ದವು. ಕ್ಯಾಲ್ಸಿಯಂ ಕಡಿಮೆ ಎಂದು ನೆಂಟರೆಲ್ಲ ತೀರ್ಮಾನಿಸಿದರು. ಕ್ಯಾಲ್ಸಿಯಂ ಕಡಿಮೆಯಾದರೆ ಮೇಲಿನ ಹಲ್ಲಿಗೆ ಮಾತ್ರ ಕಡಿಮೆಯಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಏನು ಕುಡಿದು ಮಲಗುತ್ತಾನೆ? ಸಕ್ಕರೆ ಹಾಕಿದ ಹಾಲು, ಬಾಟಲಿಯಲ್ಲಿ, ಹೀರುತ್ತಾ ಹೀರುತ್ತಾ ನಿದ್ದೆ. ನಿದ್ದೆಯಲ್ಲಿ ಜೊಲ್ಲು ಒಸರುವುದು ಕಡಿಮೆಯಾಗುತ್ತದೆಯಂತೆ. ಮೇಲಿನ ಹಲ್ಲಿನ ಸುತ್ತ ನಿಂತ ಸಿಹಿ ಬೆಳಗಿನವರೆಗೆ ಅಲ್ಲೇ. ಕೆಳಗಿನ ಹಲ್ಲನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಅಲ್ಲೇ ಜೊಲ್ಲಿನ ಗ್ರಂಥಿಯ ಬಾಯಿಯೂ ಇದೆ, ಹಾಗಾಗಿ ಬಚಾವು. ಇದನ್ನು ಕೇಳಿ ಮನೆಗೆ ಬಂದು ಬಾಟಲಿಯನ್ನು ಹಿತ್ತಲಿಗೆ ಎಸೆದೆ. ಎರಡು ದಿನ ಮಗ ಹಿತ್ತಲ ಬಾಗಿಲಲ್ಲೇ ಕೂತು ಅತ್ತ.

ನಿದ್ದೆಗೆಟ್ಟವಳು, ದಾವಣಗೆರೆ:

ವೈದ್ಯೆಯವರಿಗೆ ದೊಡ್ಡ ನಮಸ್ಕಾರ. ಇದನ್ನು ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಒಂದೇ ಅನುಮಾನ. ನಾವು ಚಾಕೊಲೇಟ್ ಕೊಡುವುದೇ ಇಲ್ಲ. ಬೆಳಿಗ್ಗೆ ತಪ್ಪದೆ ಹಲ್ಲುಜ್ಜಿಸುತ್ತೇವೆ. ಬಿಸ್ಕತ್ತು ಮಾತ್ರ, ಅದೂ ಹಾಲಿನಲ್ಲಿ ಅದ್ದಿ. ಆದರೂ ಯಾಕೆ ಹುಳ ಹಿಡಿಯಿತು?

ಮಕ್ಕಳ ಹಲ್ಲಿನ ವೈದ್ಯೆ, ಹುಬ್ಬಳ್ಳಿ:

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಚಾಕೊಲೇಟ್ ಕರಗಿ ಹೋದರೂ ಹೋದೀತು, ಅದ್ದಿದ ಬಿಸ್ಕತ್ತು ದವಡೆಹಲ್ಲಿನ ಗೀರುಗಳಲ್ಲಿ ಗಾರೆಯಂತೆ ಮೆತ್ತಿಕೊಂಡು ಕೂರುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಆಮ್ಲ ಬಿಡುತ್ತವೆ. ಒಮ್ಮೆ ತಿಂದರೆ ಸುಮಾರು ಅರ್ಧ ಗಂಟೆ ಹಲ್ಲಿನ ಮೇಲೆ ಆಮ್ಲದ ಆಟ. ಆದ್ದರಿಂದ ಎಷ್ಟು ತಿಂದಳು ಎನ್ನುವುದಕ್ಕಿಂತ ಎಷ್ಟು ಸಲ ತಿಂದಳು ಎನ್ನುವುದು ಮುಖ್ಯ. ಊಟದ ಜೊತೆಗೆ ಒಂದು ಹೋಳಿಗೆ ತಿಂದರೆ ನನಗೆ ಚಿಂತೆಯಿಲ್ಲ, ಮಧ್ಯಾಹ್ನವಿಡೀ ಅರ್ಧರ್ಧ ಬಿಸ್ಕತ್ತು ಕಡಿಯುತ್ತಾ ಓಡಾಡುವುದೇ ಅಪಾಯ. ಸಕ್ಕರೆಯ ಬದಲು ಬೆಲ್ಲ, ಜೇನು, ಕಲ್ಲುಸಕ್ಕರೆ ಎಂದು ಸಮಾಧಾನಪಡುವವರಿಗೆ: ಬ್ಯಾಕ್ಟೀರಿಯಾಗಳಿಗೆ ಆ ಭೇದವಿಲ್ಲ. ಸಿಹಿಯಾದ ಔಷಧದ ಸಿರಪ್ಪನ್ನೂ ಕುಡಿಸಿದ ಮೇಲೆ ಬಾಯಿ ತೊಳೆಸಿ.

ಬೆಳಿಗ್ಗೆ ಉಜ್ಜಿಸುತ್ತೀರಿ. ಒಂದೇ ಹೊತ್ತು ಎಂದಾದರೆ ನಾನು ರಾತ್ರಿಯನ್ನೇ ಆರಿಸಿಕೊಳ್ಳುತ್ತಿದ್ದೆ. ಉಜ್ಜಿಸಬೇಕಾದವರು ನೀವು, ಅವಳಲ್ಲ. ತನ್ನ ಅಂಗಿಯ ಗುಂಡಿಯನ್ನೇ ನೆಟ್ಟಗೆ ಹಾಕಿಕೊಳ್ಳಲಾರದ ಕೈ ಹಿಂದಿನ ದವಡೆಯನ್ನು ಹೇಗೆ ಉಜ್ಜೀತು? ಏಳೆಂಟು ವರ್ಷದವರೆಗೂ ದೊಡ್ಡವರ ಕೈ ಬೇಕು. ಫ್ಲೋರೈಡ್ ಇರುವ ಪೇಸ್ಟ್ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಬಳುಕಿಸುವುದು ಪೇಸ್ಟ್ ಬೇಗ ಖರ್ಚಾಗಲೆಂದು.

ಎಲ್ಲರೂ ಇಂದು ರಾತ್ರಿ ಒಂದು ಕೆಲಸ ಮಾಡಿ. ಮಗುವನ್ನು ತೊಡೆಯ ಮೇಲೆ ಮಲಗಿಸಿ ಮೇಲಿನ ತುಟಿಯನ್ನು ಬೆರಳಿನಿಂದ ಎತ್ತಿ, ಮೊಬೈಲ್ ಬೆಳಕಿನಲ್ಲಿ ಒಸಡಿನ ಅಂಚನ್ನು ನೋಡಿ. ಸುಣ್ಣದ ಗೆರೆಯ ಹಾಗೆ ಮಂಕು ಬಿಳಿ ಪಟ್ಟಿ ಕಂಡರೆ ಅದೇ ಹುಳುಕಿನ ಆರಂಭ. ಆ ಹಂತದಲ್ಲಿ ಅದನ್ನು ಡ್ರಿಲ್ ಇಲ್ಲದೆ ನಿಲ್ಲಿಸಬಹುದು. ಹಾಲುಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ತೆಳು; ಒಳಗಿನ ನರದ ಕೋಣೆ ದೊಡ್ಡದು. ನಿಮ್ಮ ಸಾಸಿವೆ ಕಾಳು ಏಳು ತಿಂಗಳಲ್ಲಿ ನರ ಮುಟ್ಟಿದ್ದು ಅದಕ್ಕೇ.

ನಿವೃತ್ತ ಮೇಷ್ಟ್ರು, ಹಾಸನ:

ಮೂವತ್ತೈದು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿದವನು ನಾನು. ಯಾರೂ ಹೇಳದ ಒಂದು ಮಾತಿದೆ. ತ ಥ ದ ಧ ನ, ಈ ವರ್ಗಕ್ಕೆ ವ್ಯಾಕರಣದಲ್ಲಿ ದಂತ್ಯ ಎಂದೇ ಹೆಸರು. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗಿದರೆ ಮಾತ್ರ ಅವು ಹುಟ್ಟುವುದು. ಈಗಲೇ “ತಾತ” ಎಂದು ಹೇಳಿ ನೋಡಿ, ನಾಲಿಗೆ ಎಲ್ಲಿ ಹೋಯಿತು? ವಕಾರಕ್ಕೆ ಕೆಳತುಟಿ ಮೇಲಿನ ಹಲ್ಲನ್ನು ಹುಡುಕುತ್ತದೆ. ಆರೇಳರ ವಯಸ್ಸಿನಲ್ಲಿ ಹಲ್ಲು ಬಿದ್ದ ಮಕ್ಕಳು ಕೆಲವು ತಿಂಗಳು ಉಸ್ಸೆಂದು ಗಾಳಿ ಬಿಡುತ್ತಾ ಓದುತ್ತಾರೆ, ಹಲ್ಲು ಬಂದೊಡನೆ ಸರಿಹೋಗುತ್ತಾರೆ. ನನ್ನನ್ನು ಕಾಡುತ್ತಿದ್ದದ್ದು ಮೂರರಲ್ಲೇ ಮುಂದಿನ ಹಲ್ಲು ಹುಳುಕಾಗಿ ಹೋದ ಮಕ್ಕಳು. ಮಾತು ಕಲಿಯುವ ಕಾಲಕ್ಕೇ ಹಲ್ಲಿಲ್ಲ. ಅವರು ಮಾತು ತಪ್ಪುವುದಕ್ಕಿಂತ ಹೆಚ್ಚಾಗಿ ಮಾತೇ ಆಡುತ್ತಿರಲಿಲ್ಲ, ಕೈ ಅಡ್ಡ ಹಿಡಿದು ನಗುತ್ತಿದ್ದರು.

ಇನ್ನು “ಹುಳ”ದ ಬಗ್ಗೆ. ನಾನು ಹುಡುಗನಾಗಿದ್ದಾಗ ಜಾತ್ರೆಗೆ ಹಲ್ಲಿನ ಹುಳ ತೆಗೆಯುವವರು ಬರುತ್ತಿದ್ದರು. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ ಬಾಯಿಗೆ ಹೊಗೆ ಹಿಡಿಸಿ, ಕೆಳಗಿಟ್ಟ ನೀರಿನ ತಟ್ಟೆಯಲ್ಲಿ ಬಿಳಿಯ ಹುಳಗಳನ್ನು ತೋರಿಸುತ್ತಿದ್ದರು. ನಮ್ಮಪ್ಪ ಒಮ್ಮೆ ಅನುಮಾನದಿಂದ, ಬಾಯಿಯೇ ಇಲ್ಲದೆ ತಟ್ಟೆಯ ಮೇಲೆ ಬೀಜ ಸುಡಿಸಿದರು. ಹುಳ ಆಗಲೂ ಬಿದ್ದವು! ಸಿಡಿದ ಬೀಜದೊಳಗಿನ ಬಿಳಿ ತಿರುಳು ಅದು. ಜಾತ್ರೆಯವನು ಗಂಟುಮೂಟೆ ಕಟ್ಟಿದ.

ಎಂಟು ತಿಂಗಳ ಕೂಸು, ಮಂಡ್ಯ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕೂಸಿಗೆ ಮೇಲಿನ ಹಲ್ಲು ಮೊದಲು ಮೂಡಿದೆ. ಸೋದರಮಾವನಿಗೆ ಆಗುವುದಿಲ್ಲ ಎಂದು ಮನೆಯಲ್ಲಿ ಗಲಾಟೆ. ಜೊತೆಗೆ ಎರಡು ದಿನದಿಂದ ಜ್ವರ, ಭೇದಿ. ಹಲ್ಲು ಬರುವಾಗ ಇದೆಲ್ಲ ಸಹಜ ಎನ್ನುತ್ತಿದ್ದಾರೆ.

ಮಕ್ಕಳ ಹಲ್ಲಿನ ವೈದ್ಯೆ, ಹುಬ್ಬಳ್ಳಿ:

ಜ್ವರ, ಭೇದಿಗೆ ಇಂದೇ ಮಕ್ಕಳ ಡಾಕ್ಟರಿಗೆ ತೋರಿಸಿ. ಹಲ್ಲು ಮೂಡುವಾಗ ಜೊಲ್ಲು, ಕಿರಿಕಿರಿ, ಒಸಡು ಕೆಂಪಾಗುವುದು, ಮೈ ತುಸು ಬೆಚ್ಚಗಾಗುವುದು ಸಹಜ. ಜ್ವರವೇ ಬಂದರೆ ಬೇರೆ ಕಾರಣವಿದೆ ಎಂದೇ ಲೆಕ್ಕ. ಆ ವಯಸ್ಸಿನಲ್ಲಿ ಮಕ್ಕಳು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ, ಭೇದಿ ಬರುವ ದಾರಿ ಅದು. ಮೊದಲು ಮೇಲಿನದೋ ಕೆಳಗಿನದೋ ಎನ್ನುವುದಕ್ಕೆ ಅರ್ಥವೇನೂ ಇಲ್ಲ. ನನ್ನ ತಮ್ಮನಿಗೆ ಅಂಥ ಇಬ್ಬರು ಸೋದರಳಿಯಂದಿರಿದ್ದಾರೆ, ಅವನು ಗುಂಡುಕಲ್ಲಿನ ಹಾಗಿದ್ದಾನೆ.

ಬೋರ್‌ವೆಲ್ ನೀರಿನವನು, ಪಾವಗಡ:

ಫ್ಲೋರೈಡ್ ಪೇಸ್ಟ್ ಎಂದಿರಿ. ನಮ್ಮೂರಿನ ನೀರಿನಲ್ಲೇ ಬೇಡವೆಂದರೂ ಫ್ಲೋರೈಡ್ ಇದೆ. ದೊಡ್ಡವರ ಹಲ್ಲೆಲ್ಲ ಹಳದಿ, ಕಂದು ಕಲೆ. ಆದರೆ ಚಿಕ್ಕ ಮಕ್ಕಳ ಹಾಲುಹಲ್ಲು ಚೆನ್ನಾಗಿಯೇ ಇರುತ್ತದೆ. ಆಮೇಲೆ ಬರುವ ಹಲ್ಲಿಗೆ ಮಾತ್ರ ಏನಾಗುತ್ತದೆ?

ಮಕ್ಕಳ ಹಲ್ಲಿನ ವೈದ್ಯೆ, ಹುಬ್ಬಳ್ಳಿ:

ಸರಿಯಾಗಿ ಗಮನಿಸಿದ್ದೀರಿ. ಹಾಲುಹಲ್ಲಿನ ಮೇಲ್ಮೈಯ ಬಹುಪಾಲು ತಾಯಿಯ ಹೊಟ್ಟೆಯಲ್ಲೂ ಹುಟ್ಟಿದ ಮೊದಲ ತಿಂಗಳುಗಳಲ್ಲೂ ರೂಪುಗೊಂಡು ಮುಗಿದಿರುತ್ತದೆ. ಶಾಶ್ವತ ಹಲ್ಲಿನ ಮೇಲ್ಮೈ ತಯಾರಾಗುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಅಂದರೆ ಬಾಯಲ್ಲಿ ಹಾಲುಹಲ್ಲು ಕಾಣುತ್ತಿರುವಾಗಲೇ, ಒಳಗೆ ಸದ್ದಿಲ್ಲದೆ. ಆಗ ಕುಡಿದ ನೀರಿನ ಕಲೆ ನಾಲ್ಕಾರು ವರ್ಷದ ಮೇಲೆ ಹೊರಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವಂಥದ್ದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ನಿಮ್ಮ ಕಡೆ ಮಕ್ಕಳ ಕುಡಿಯುವ ನೀರಿಗೂ ಅಡುಗೆಗೂ ಶುದ್ಧೀಕರಣ ಘಟಕದ ನೀರನ್ನೇ ಬಳಸಿ. ಪೇಸ್ಟಿನ ವಿಷಯವನ್ನು ಬಾಯಿ ನೋಡಿದ ವೈದ್ಯರನ್ನು ಕೇಳಿ ನಿರ್ಧರಿಸಿ. ನುಂಗದ ಹಾಗೆ ಅಂತೂ ನೋಡಿಕೊಳ್ಳಿ.

ಹುಳುಕೂ ಹೀಗೆಯೇ ಒಳಗೆ ಕೈಚಾಚಬಲ್ಲದು. ಹಾಲುಹಲ್ಲಿನ ಬೇರಿನಲ್ಲಿ ಕೀವು ಬಹುಕಾಲ ನಿಂತರೆ ಕೆಳಗಿನ ಎಳೆಯ ಹಲ್ಲಿನ ಎನಾಮಲ್ ಕೆಟ್ಟು, ಅದು ಹುಟ್ಟುವಾಗಲೇ ಕಂದು ಗುಳಿಯೊಂದಿಗೆ ಹುಟ್ಟುತ್ತದೆ.

ಮಿಸೌರಿಯಿಂದ ಒಬ್ಬ ಕನ್ನಡಿಗ:

ಹಲ್ಲು ಒಳಗೊಳಗೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ ಎಂದು ಓದಿ ನಾನಿರುವ ಊರಿನ ಕಥೆ ನೆನಪಾಯಿತು. ಸೇಂಟ್ ಲೂಯಿಸ್‌ನಲ್ಲಿ 1958ರಲ್ಲಿ ಮಕ್ಕಳ ಹಾಲುಹಲ್ಲು ಸಂಗ್ರಹಿಸುವ ದೊಡ್ಡ ಅಭಿಯಾನ ಶುರುವಾಯಿತು. ಅದು ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆ ನಡೆಯುತ್ತಿದ್ದ ಕಾಲ. ಅದರ ಬೂದಿಯಲ್ಲಿದ್ದ, ವಿಕಿರಣ ಸೂಸುವ ಸ್ಟ್ರಾಂಷಿಯಂ-90 ಹುಲ್ಲಿಗೆ ಬಿದ್ದು, ಹುಲ್ಲು ತಿಂದ ಹಸುವಿನ ಹಾಲಿಗೆ ಬಂದು, ಕ್ಯಾಲ್ಸಿಯಂನ ವೇಷದಲ್ಲಿ ಮಕ್ಕಳ ಮೂಳೆ, ಹಲ್ಲು ಸೇರುತ್ತಿತ್ತು. ಬದುಕಿರುವ ಮಗುವಿನ ಮೂಳೆ ತೆಗೆದು ಪರೀಕ್ಷಿಸಲಾಗದು, ಬಿದ್ದ ಹಲ್ಲನ್ನು ಪರೀಕ್ಷಿಸಬಹುದಲ್ಲ! ವೈದ್ಯೆ ಲೂಯೀಸ್ ರೀಸ್, ವಿಜ್ಞಾನಿ ಬ್ಯಾರಿ ಕಾಮನರ್ ಮುಂತಾದವರು ಹಚ್ಚಿಕೊಂಡ ಈ ಕೆಲಸಕ್ಕೆ ಬಂದು ಬಿದ್ದ ಹಲ್ಲುಗಳು ಮೂರು ಲಕ್ಷಕ್ಕೂ ಹೆಚ್ಚು. ಹಲ್ಲು ಕಳುಹಿಸಿದ ಮಗುವಿಗೆ ವಿಜ್ಞಾನಕ್ಕೆ ಹಲ್ಲು ಕೊಟ್ಟೆ ಎಂಬ ಬಿಲ್ಲೆ ಸಿಗುತ್ತಿತ್ತು. ಪರೀಕ್ಷೆಗಳು ಹೆಚ್ಚಿದಂತೆ ಹಲ್ಲಿನಲ್ಲಿ ಸ್ಟ್ರಾಂಷಿಯಂ ಹೆಚ್ಚಿದ್ದು ಕಂಡುಬಂತು. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದದ ಹಿಂದಿದ್ದ ಜನಾಭಿಪ್ರಾಯಕ್ಕೆ ಈ ಹಲ್ಲುಗಳೂ ಬಲ ಕೊಟ್ಟವು. ಬಳಸದೆ ಉಳಿದಿದ್ದ ಸುಮಾರು 85 ಸಾವಿರ ಹಲ್ಲುಗಳು 2001ರಲ್ಲಿ ಇದೇ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದವರಿಗೆ ಸಿಕ್ಕಿದವು, ಒಂದೊಂದೂ ಪುಟ್ಟ ಲಕೋಟೆಯಲ್ಲಿ, ಮಗುವಿನ ವಿವರದ ಚೀಟಿಯೊಂದಿಗೆ.

ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮಾಡಿಗೆ ಎಸೆಯುತ್ತಿದ್ದೆವು. ಇಲ್ಲಿ ನನ್ನ ಮಗಳು ದಿಂಬಿನಡಿ ಇಟ್ಟು ದುಡ್ಡು ಕೇಳುತ್ತಾಳೆ.

ಲೆಕ್ಕದ ಮನುಷ್ಯ, ತುಮಕೂರು:

ಕಥೆ ಚೆನ್ನಾಗಿದೆ ಸ್ವಾಮಿ, ಆದರೆ ಆರೂವರೆ ಸಾವಿರದ ಮಾತು ಎಲ್ಲಿಗೆ ಬಂತು? ದಿನಗೂಲಿಯವರು ಏನು ಮಾಡಬೇಕು? ನಮ್ಮ ರಾಜ್ಯದಲ್ಲಿ ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಇದೆ. ಇರುವ ಹಲ್ಲು ಉಳಿಸಲು ಏನೂ ಇಲ್ಲವೇ? ಹಲ್ಲಿದ್ದವನಿಗೆ ಕಡಲೆಯಿಲ್ಲ ಎನ್ನುವ ಗಾದೆಯನ್ನು ಕಚೇರಿಯ ಗೋಡೆಗೆ ಬರೆಸಬೇಕು.

ತೋಟದಮನೆ ತಾಯಿ, ತೀರ್ಥಹಳ್ಳಿ:

ಇದೆ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. 2013ರಿಂದ ನಡೆಯುತ್ತಿದೆ. ನನ್ನ ಅಕ್ಕ ಅಂಗನವಾಡಿ ಕಾರ್ಯಕರ್ತೆ, ಅವಳ ಕೇಂದ್ರದಿಂದ ಒಂದು ಮಗುವನ್ನು ಹಾಗೆಯೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದ್ದರು. ಕೇಳಬೇಕು, ಬೆನ್ನು ಹತ್ತಬೇಕು. ದಂತ ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗದಲ್ಲಿ ಖರ್ಚು ಬಹಳ ಕಡಿಮೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಲೆ ಪ್ರಾಧ್ಯಾಪಕರು ನಿಂತಿರುತ್ತಾರೆ. ಎರಡು ಮೂರು ಸಲ ಹೋಗಬೇಕಾಗುತ್ತದೆ, ಅಷ್ಟೇ. ನನ್ನ ಮಗನಿಗೆ ಮಾಡಿಸಿದ್ದೂ ಅಂಥ ಕಡೆಯೇ.

ನಿದ್ದೆಗೆಟ್ಟವಳು, ದಾವಣಗೆರೆ (ಎರಡು ತಿಂಗಳ ನಂತರ):

ಕೇಳಿದವರಿಗೆ ವರದಿ ಒಪ್ಪಿಸದೆ ಹೋದರೆ ತಪ್ಪಾಗುತ್ತದೆ. ಇನ್ನೊಬ್ಬರಿಗೆ ತೋರಿಸಿದೆವು, ದಂತ ಕಾಲೇಜಿನಲ್ಲಿ. ಅವರೂ ಎಕ್ಸ್-ರೇ ಹಿಡಿದು ತೋರಿಸಿದರು. ಹಾಲುಹಲ್ಲಿನ ಬೇರುಗಳ ನಡುವೆ, ಗೂಡಿನಲ್ಲಿ ಮೊಟ್ಟೆ ಇಟ್ಟಂತೆ, ಬರಬೇಕಾದ ಹಲ್ಲಿನ ಮಸುಕು ಆಕಾರ. ಅತ್ತೆ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಮಾತಾಡಲಿಲ್ಲ. ಮೂರು ಸಲ ಹೋಗಿ ಬಂದೆವು. ಖರ್ಚು ಮೊದಲು ಹೇಳಿದ್ದರ ಮೂರನೇ ಒಂದು ಪಾಲೂ ಆಗಲಿಲ್ಲ, ಲೆಕ್ಕದವರಿಗೆ ಇದು ವಿಶೇಷ ಸುದ್ದಿ. ಮಗಳು ಶಾಲೆಯಲ್ಲಿ ಎಲ್ಲರಿಗೂ ಬಾಯಿ ತೆರೆದು ಬೆಳ್ಳಿ ಹಲ್ಲು ತೋರಿಸುತ್ತಾಳಂತೆ. ಅವಳ ಗೆಳತಿಗೂ ಒಂದು ಬೇಕಂತೆ, ಅವರಮ್ಮ ನನಗೆ ಫೋನ್ ಮಾಡಿ ಬೈದರು.

ವೈದ್ಯೆಯವರು ಹೇಳಿದ ಹಾಗೆ ತುಟಿ ಎತ್ತಿ ನೋಡುವ ಕೆಲಸ ಮಾಡಿದೆ, ಮಗಳಿಗಲ್ಲ, ಒಂದೂವರೆ ವರ್ಷದ ಮಗನಿಗೆ. ಅತ್ತೆಯೇ ಟಾರ್ಚ್ ಹಿಡಿದಿದ್ದರು. ಮೇಲಿನ ಎರಡು ಹಲ್ಲಿನ ಬುಡದಲ್ಲಿ ಸುಣ್ಣದ ಗೆರೆ ಇತ್ತು. ರಾತ್ರಿಯ ಬಾಟಲಿ ಬಿಡಿಸಿ ಇಂದಿಗೆ ನಾಲ್ಕನೇ ದಿನ. ಇದನ್ನು ಬರೆಯುತ್ತಿರುವಾಗ ಗಂಟೆ ಎರಡೂಕಾಲು. ಅವನು ಅತ್ತೆಯ ಹೆಗಲ ಮೇಲೆ ಅಳುತ್ತಿದ್ದಾನೆ, ಅತ್ತೆ ಅಂಗಳದಲ್ಲಿ ಸುತ್ತು ಹಾಕುತ್ತಿದ್ದಾರೆ. ಬಾಟಲಿ ಎಲ್ಲಿಟ್ಟಿದ್ದಾರೆಂದು ನನಗೂ ಹೇಳಿಲ್ಲ.